ಪೂರ್ತಿ ದುಡ್ಡು ಕೊಟ್ಟ ಗೇಮಿನೊಳಗೆ ಮತ್ತೊಂದು ಅಂಗಡಿ: ಜೇಬು ಉಳಿಸಿಕೊಳ್ಳುವ ದಾರಿ

ನಾಲ್ಕೈದು ಸಾವಿರ ರೂಪಾಯಿ ಕೊಟ್ಟು ಗೇಮ್ ತಗೊಂಡು, ರಾತ್ರಿಯೆಲ್ಲ ಡೌನ್‌ಲೋಡಿಗೆ ಕಾದು ತೆರೆದರೆ, ಮೊದಲ ಮೆನುವಿನಲ್ಲೇ ‘ಸ್ಟೋರ್’ ಅನ್ನೋ ಗುಂಡಿ, ಅದರ ಮೇಲೊಂದು ಕೆಂಪು ಚುಕ್ಕಿ. ಪಾತ್ರದ ಬಟ್ಟೆಗೆ ಬೇರೆ ದುಡ್ಡು, ಬೇಗ ಲೆವೆಲ್ ಏರಲು ಬೇರೆ ದುಡ್ಡು, ಸೀಸನ್ ಬಂದಾಗಲೆಲ್ಲ, ಆಡುತ್ತಾ ಹೋದಂತೆ ಬಹುಮಾನ ಬಿಚ್ಚಿಕೊಡುವ ಬ್ಯಾಟಲ್ ಪಾಸ್‌ಗೆ ಬೇರೆ ದುಡ್ಡು. ಉಚಿತ ಗೇಮಿನವರು ಹೀಗೆ ಕೇಳಿದರೆ ಒಪ್ಪಬಹುದು, ಅವರಿಗೆ ಆದಾಯದ ಮೂಲವೇ ಅದು. ಪೂರ್ತಿ ಬೆಲೆ ಎಣಿಸಿಕೊಂಡ ಮೇಲೂ ಕೈಚಾಚುವುದು ಸರಿಯಲ್ಲ. ಹಾಸನದ ಹಾಸ್ಟೆಲ್ಲಿನಲ್ಲೋ ಚಿಕ್ಕಮಗಳೂರಿನ ಮನೆಯಲ್ಲೋ ಕೂತು ಆಡುವ ಹುಡುಗರ ಸಿಟ್ಟಿಗೆ ಅರ್ಥವಿದೆ.

ಆದರೆ ಗೇಮಿನೊಳಗೆ ಕೂತು ‘ಈ ಸಲ ಕೊಳ್ಳಲ್ಲ’ ಎಂದು ಗಟ್ಟಿಮನಸ್ಸು ಮಾಡುವುದರಿಂದ ದುಡ್ಡು ಉಳಿಯುವುದು ಕಡಿಮೆ. ಅಲ್ಲಿನ ಬಣ್ಣ, ಟೈಮರ್, ರಿಯಾಯಿತಿ ಎಲ್ಲವನ್ನೂ ಜೋಡಿಸಿರುವುದೇ ಆ ಮನಸ್ಸನ್ನು ಕರಗಿಸಲು. ತಡೆ ಹಾಕಬೇಕಾದ ಜಾಗಗಳು ಗೇಮಿನ ಹೊರಗಿವೆ: ಕೊಳ್ಳುವ ಮೊದಲಿನ ಹತ್ತು ನಿಮಿಷ, ಕೊಂಡ ಮೇಲಿನ ಎರಡು ಗಂಟೆ, ಮತ್ತು ನಿಮ್ಮ ಬ್ಯಾಂಕ್ ಖಾತೆಯಿಂದ ಸ್ಟೋರಿಗೆ ಹೋಗುವ ದಾರಿ.

ಕೊಳ್ಳುವ ಮೊದಲು

ಪಿಸಿ ಗೇಮ್ ಮಾರುವ ಆನ್‌ಲೈನ್ ಸ್ಟೋರ್ ಆದ ಸ್ಟೀಮ್‌ನಲ್ಲಿ ಗೇಮಿನ ಪುಟ ತೆರೆದಾಗ ಟ್ರೇಲರ್ ನೋಡಿ ನಿಲ್ಲಬೇಡಿ. ಬಲಗಡೆಯ ಪಟ್ಟಿಯಲ್ಲಿ ‘ಸಿಂಗಲ್ ಪ್ಲೇಯರ್’, ‘ಕ್ಲೌಡ್ ಸೇವ್’ ಮುಂತಾದವುಗಳ ಜೊತೆ ‘ಇನ್-ಆ್ಯಪ್ ಪರ್ಚೇಸಸ್’ ಇದೆಯೇ ನೋಡಿ. ಆಮೇಲೆ ಕೆಳಗೆ ಇಳಿದು ಗೇಮಿನ ಡಿಎಲ್‌ಸಿ (ಬೇರೆಯಾಗಿ ಮಾರುವ ಹೆಚ್ಚುವರಿ ಭಾಗಗಳ) ಪಟ್ಟಿಯನ್ನು ಪೂರ್ತಿ ತೆರೆಯಿರಿ. ಕಥೆಯ ವಿಸ್ತರಣೆ ಒಂದೆರಡಿದ್ದರೆ ಅದು ಬೇರೆ ಮಾತು. ಗೇಮಿನೊಳಗೆ ಮಾತ್ರ ನಡೆಯುವ ನಾಣ್ಯದ ಪ್ಯಾಕ್, ‘ಸ್ಟಾರ್ಟರ್ ಪ್ಯಾಕ್’, ‘ಬೂಸ್ಟರ್’ ಎಂಬ ಚಿಕ್ಕ ಚಿಕ್ಕ ಬೆಲೆಯ ಸಾಲು ಕಂಡರೆ ಒಳಗೆ ಏನು ಕಾದಿದೆ ಎಂಬುದಕ್ಕೆ ಅದೇ ಸಾಕ್ಷಿ. 2024ರ ಮಾರ್ಚ್‌ನಲ್ಲಿ ‘ಡ್ರ್ಯಾಗನ್ಸ್ ಡಾಗ್ಮಾ 2’ ಬಿಡುಗಡೆಯಾದ ದಿನವೇ ಅದರ ಪುಟದಲ್ಲಿ ಇಂಥ ವಸ್ತುಗಳು ಸಾಲಾಗಿ ಕಂಡು ಜನ ಕೆರಳಿದ್ದರು. ಅವುಗಳಲ್ಲಿ ಹೆಚ್ಚಿನವು ಆಡಿಯೇ ಗಳಿಸಬಹುದಾದವು. ಪಟ್ಟಿ ನೋಡಿದವರಿಗೆ ಗಾಬರಿಯಾಯಿತು, ಆಡಿದವರಿಗೆ ಅವುಗಳ ಅಗತ್ಯ ಅಷ್ಟಾಗಿ ಬೀಳಲಿಲ್ಲ. ಹಾಗಾಗಿ ಪಟ್ಟಿಯ ಉದ್ದಕ್ಕಿಂತ ಅದರಲ್ಲಿ ಏನು ಮಾರುತ್ತಿದ್ದಾರೆ ಎಂಬುದು ಮುಖ್ಯ.

ಪ್ಲೇಸ್ಟೇಷನ್ ಸ್ಟೋರಿನಲ್ಲಿ ಬೆಲೆಯ ಹತ್ತಿರವೇ ‘ಇನ್-ಗೇಮ್ ಪರ್ಚೇಸಸ್ ಆಪ್ಷನಲ್’ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಗೇಮ್ ಯಾವ ವಯಸ್ಸಿನವರಿಗೆ ಸರಿ ಎಂದು ಹೇಳುವ ಅಮೆರಿಕದ ಇಎಸ್‌ಆರ್‌ಬಿ ಸಂಸ್ಥೆಯ ರೇಟಿಂಗ್ ಚೀಟಿಯಲ್ಲಿ 2020ರಿಂದ ಇನ್ನೊಂದು ಸಾಲು ಸೇರಿದೆ: ಗೇಮಿನೊಳಗಿನ ಖರೀದಿಯಲ್ಲಿ ‘ರ‍್ಯಾಂಡಮ್ ಐಟಂಸ್’ ಇವೆ ಎಂಬುದು. ಈ ಸಾಲು ಇದ್ದರೆ ಲೂಟ್ ಬಾಕ್ಸೋ ಕಾರ್ಡ್ ಪ್ಯಾಕೋ ಇದೆ ಎಂದರ್ಥ. ದುಡ್ಡು ಕೊಟ್ಟ ಮೇಲೂ ಏನು ಸಿಗುತ್ತದೆ ಎಂದು ತಿಳಿಯದ ವ್ಯಾಪಾರ ಅದು. ಬೆಲ್ಜಿಯಂ ದೇಶದ ಗೇಮಿಂಗ್ ಆಯೋಗ 2018ರಲ್ಲೇ ಇದನ್ನು ಜೂಜು ಎಂದು ಪರಿಗಣಿಸಿತು. ನಮ್ಮ ಮಟ್ಟಿಗೆ, ಈ ಸಾಲಿರುವ ಗೇಮನ್ನು ಹದಿನೆಂಟರ ಒಳಗಿನ ಮಕ್ಕಳಿಗೆ ಕೊಡಿಸುವುದು ಬೇಡ.

ಇನ್ನೊಂದು ಎಚ್ಚರ. ವಿಮರ್ಶೆಗಳು ಹೊಗಳಿ ಮುಗಿಸಿದ ಮೇಲೆ ಅಂಗಡಿ ತೆರೆಯುವ ಪದ್ಧತಿಯೂ ಇದೆ. ‘ಕ್ರ್ಯಾಶ್ ಟೀಮ್ ರೇಸಿಂಗ್ ನೈಟ್ರೋ-ಫ್ಯುಯೆಲ್ಡ್’ ಬಂದದ್ದು 2019ರ ಜೂನ್‌ನಲ್ಲಿ, ನಾಣ್ಯ ಮಾರಾಟ ಶುರುವಾದದ್ದು ಆಗಸ್ಟ್‌ನಲ್ಲಿ. ‘ಟೆಕ್ಕನ್ 8’ 2024ರ ಜನವರಿ ಕೊನೆಗೆ ಬಂತು, ಅಂಗಡಿ ಬಂದದ್ದು ಒಂದು ತಿಂಗಳ ನಂತರ. ಹಾಗಾಗಿ ಮುಂಗಡ ಬುಕ್ ಮಾಡುವುದಕ್ಕಿಂತ, ಬಿಡುಗಡೆಯ ವಾರದ ವಿಮರ್ಶೆ ನಂಬಿ ಕೊಳ್ಳುವುದಕ್ಕಿಂತ, ಎರಡು ಮೂರು ತಿಂಗಳು ತಡೆದು ಕೊಳ್ಳುವುದು ಮೇಲು. ಸ್ಟೀಮ್‌ನಲ್ಲಿ ವಿಮರ್ಶೆಗಳನ್ನು ‘ರೀಸೆಂಟ್’ ಎಂದು ಜೋಡಿಸಿ, ನೂರು ಗಂಟೆಗಿಂತ ಹೆಚ್ಚು ಆಡಿದವರು ಬರೆದದ್ದನ್ನು ಓದಿ. ಸ್ಟೋರ್ ಎಲ್ಲಿ ಕಾಡುತ್ತದೆ ಎಂಬುದು ಗೊತ್ತಿರುವುದು ಅವರಿಗೆ.

ಸಿಂಗಲ್ ಪ್ಲೇಯರ್ ಆಟವಾದರೆ ಇನ್ನೂ ತಾಳಿ. ಎಲ್ಲ ಡಿಎಲ್‌ಸಿ ಸೇರಿಸಿದ ‘ಕಂಪ್ಲೀಟ್’ ಆವೃತ್ತಿ ಎಷ್ಟೋ ಗೇಮ್‌ಗಳಿಗೆ ಒಂದೆರಡು ವರ್ಷದಲ್ಲಿ ಬರುತ್ತದೆ, ಜೂನ್ ಕೊನೆಯ ಅಥವಾ ಡಿಸೆಂಬರ್ ಕೊನೆಯ ಸ್ಟೀಮ್ ಸೇಲಿನಲ್ಲಿ ಮೂಲ ಗೇಮಿನ ಅರ್ಧ ಬೆಲೆಗಿಂತ ಕೆಳಗೂ ಇಳಿಯುತ್ತದೆ. 2017ರಲ್ಲಿ ಲೂಟ್ ಬಾಕ್ಸ್ ಸಮೇತ ಬಂದ ‘ಶ್ಯಾಡೋ ಆಫ್ ವಾರ್’ ಮರುವರ್ಷ ಆ ಮಾರಾಟವನ್ನೇ ಕಿತ್ತುಹಾಕಿತು. ಕಾದವರಿಗೆ ಕಡಿಮೆ ಬೆಲೆಗೆ ಒಳ್ಳೆಯ ಆಟ ಸಿಕ್ಕಿತು.

ಎರಡು ಗಂಟೆಯನ್ನು ಬಳಸುವುದು ಹೇಗೆ

ಸ್ಟೀಮ್‌ನ ನಿಯಮ ಸರಳ: ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ಕಾರಣ ಏನೇ ಇರಲಿ, ರೀಫಂಡ್ ಕೇಳಬಹುದು. ಎಪಿಕ್ ಎಂಬ ಇನ್ನೊಂದು ಪಿಸಿ ಗೇಮ್ ಸ್ಟೋರಿನಲ್ಲೂ ಬಹುತೇಕ ಹೀಗೇ. ಪ್ಲೇಸ್ಟೇಷನ್ ಬಿಗಿ. ಅಲ್ಲಿ 14 ದಿನದ ಅವಕಾಶವಿದ್ದರೂ ಡೌನ್‌ಲೋಡ್ ಶುರು ಮಾಡಿದರೆ, ಗೇಮ್ ಕೆಟ್ಟಿರದ ಹೊರತು, ಆ ಅವಕಾಶ ಹೋಯಿತು. ಆದ್ದರಿಂದ ಪಿಎಸ್5ನಲ್ಲಿ ‘ಆಟೋ ಡೌನ್‌ಲೋಡ್’ ಆರಿಸಿಟ್ಟು, ಪೂರ್ತಿ ಮನಸ್ಸಾದ ಮೇಲೆಯೇ ಇಳಿಸಿ. ಡಿಸ್ಕ್ ಹಾಕುವ ಪಿಎಸ್5 ಇದ್ದವರು ಡಿಸ್ಕೇ ಕೊಂಡರೆ ಬೇಡವಾದಾಗ ಮಾರಬಹುದು.

ಮಲೆನಾಡಿನವರು ಇಲ್ಲಿ ಒಂದು ಲೆಕ್ಕ ಹಾಕಲೇಬೇಕು. 14 ದಿನ ಎಣಿಸುವುದು ದುಡ್ಡು ಕಟ್ಟಿದ ದಿನದಿಂದ, ಡೌನ್‌ಲೋಡ್ ಮುಗಿದ ದಿನದಿಂದಲ್ಲ. 100 ಜಿಬಿಯ ಗೇಮ್ 40 ಎಂಬಿಪಿಎಸ್ ಫೈಬರ್‌ನಲ್ಲಿ ಐದೂವರೆ ಗಂಟೆಗೆ ಇಳಿಯುತ್ತದೆ. 5 ಎಂಬಿಪಿಎಸ್ ಸಿಗುವ ಕಡೆ 44 ಗಂಟೆ ಬೇಕು. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ನಂಬಿದರೆ 50 ದಿನ, ಅಷ್ಟರಲ್ಲಿ ರೀಫಂಡ್ ಅವಧಿ ಮುಗಿದು ತಿಂಗಳಾಗಿರುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗಾಲದಲ್ಲಿ ಕೊಂಬೆ ಬಿದ್ದು ಲೈನ್ ಹರಿದರೆ ವಾರಗಟ್ಟಲೆ ನೆಟ್ ಇಲ್ಲದಿರುವುದೂ ಉಂಟು. ಹಾಸನಕ್ಕೋ ಚಿಕ್ಕಮಗಳೂರಿಗೋ ಲ್ಯಾಪ್‌ಟಾಪ್ ಒಯ್ದು ಸ್ನೇಹಿತರ ಮನೆಯ ಫೈಬರ್‌ನಲ್ಲಿ ಇಳಿಸಿಕೊಳ್ಳುವ ಯೋಜನೆ ಇದ್ದರೆ, ಹೋಗುವ ಹಿಂದಿನ ರಾತ್ರಿ ಕೊಳ್ಳಿ, ಸೇಲ್ ಬಂತೆಂದು ಮೂರು ವಾರ ಮುಂಚೆ ಬೇಡ. ಸೇಲ್ ಮುಗಿದೇ ಹೋಗುತ್ತದೆ ಅನ್ನುವ ಭಯ ಬೇಡ, ಮತ್ತೆ ಬರುತ್ತದೆ.

ಎರಡು ಗಂಟೆಯ ಗಡಿಯಾರ ಗೇಮಿನ ಕಿಟಕಿ ತೆರೆದಿರುವವರೆಗೂ ಓಡುತ್ತದೆ. ಮೆನುವಿನಲ್ಲಿ ನಿಲ್ಲಿಸಿ ಊಟಕ್ಕೆ ಎದ್ದು ಹೋದರೂ, ಕೆಳಗೆ ಮಿನಿಮೈಜ್ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ಹಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮೊದಲ ಸಲ ‘ಶೇಡರ್’ (ಪರದೆಯ ಮೇಲೆ ಚಿತ್ರ ಮೂಡಿಸುವ ಪುಟ್ಟ ಪ್ರೋಗ್ರಾಂ) ಸಿದ್ಧವಾಗಲು ಅರ್ಧ ಗಂಟೆ ಹಿಡಿಯಬಹುದು, ಅದೂ ಅದರೊಳಗೇ. ಡೀಲಕ್ಸ್ ಆವೃತ್ತಿಯವರು ಬಿಡುಗಡೆಗೆ ಮೂರು ದಿನ ಮುಂಚೆ ಆಡುವ ಸಮಯವನ್ನೂ ಸ್ಟೀಮ್ 2024ರಿಂದ ಸೇರಿಸಿ ಎಣಿಸುತ್ತಿದೆ.

ಸಮಯವನ್ನು ಹೀಗೆ ಹಂಚಿಕೊಳ್ಳಿ. ಮೊದಲ ಹದಿನೈದು ನಿಮಿಷ ಸೆಟ್ಟಿಂಗ್ಸ್, ಫ್ರೇಮ್ ರೇಟ್. ಆಮೇಲೆ ಕಟ್‌ಸೀನ್‌ಗಳನ್ನು ದಾಟಿಸಿ ಟ್ಯುಟೋರಿಯಲ್ ಮುಗಿಸಿ, ಏಕೆಂದರೆ ಬಹಳ ಗೇಮ್‌ಗಳಲ್ಲಿ ಅಂಗಡಿಯ ಬಾಗಿಲು ತೆರೆಯುವುದೇ ಅದಾದ ಮೇಲೆ. ಮುಕ್ಕಾಲು ಗಂಟೆಯ ಹೊತ್ತಿಗೆ ಅಂಗಡಿಯೊಳಗೆ ನಿಂತಿರಬೇಕು. ಅಲ್ಲಿ ಬಟ್ಟೆ, ಬಣ್ಣ, ಕುಣಿತ ಮಾತ್ರ ಮಾರುತ್ತಿದ್ದರೆ ಸಹಿಸಬಹುದು. ಬೇಗ ಲೆವೆಲ್ ಏರಿಸುವ ಎಕ್ಸ್‌ಪಿ ಬೂಸ್ಟರ್, ಬ್ಯಾಗಿನ ಜಾಗ, ಹೆಚ್ಚಿನ ಸೇವ್ ಸ್ಲಾಟ್, ಕಾಯುವ ಸಮಯ ಕಡಿತ ಇವುಗಳಲ್ಲಿ ಯಾವುದಿದ್ದರೂ ಎಚ್ಚರವಾಗಿ. ಸೌಕರ್ಯವನ್ನು ಮಾರಬೇಕಾದರೆ ಮೊದಲು ಅನನುಕೂಲವನ್ನು ಕಟ್ಟಬೇಕು, ಆ ಅನನುಕೂಲ ನೀವು ಪೂರ್ತಿ ದುಡ್ಡು ಕೊಟ್ಟ ಆಟದೊಳಗೇ ಇರುತ್ತದೆ. 2017ರ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಇದಕ್ಕೆ ದೊಡ್ಡ ಉದಾಹರಣೆ. ಡಾರ್ತ್ ವೇಡರ್ ಪಾತ್ರಕ್ಕೆ 60,000 ಕ್ರೆಡಿಟ್ ಇಟ್ಟಿದ್ದರು. ಆಡಿಯೇ ಗಳಿಸಲು ಸುಮಾರು 40 ಗಂಟೆ ಬೇಕೆಂದು ಆಟಗಾರರು ಲೆಕ್ಕ ಹಾಕಿ ಗಲಾಟೆ ಎಬ್ಬಿಸಿದ ಮೇಲೆ ಅದನ್ನು 15,000ಕ್ಕೆ ಇಳಿಸಿದರು, ಬಿಡುಗಡೆಯ ಹೊತ್ತಿಗೆ ನಿಜವಾದ ಹಣದ ಖರೀದಿಯನ್ನೇ ಸ್ವಲ್ಪ ಕಾಲ ನಿಲ್ಲಿಸಿದರು.

ಮೊಬೈಲಿನಲ್ಲಿ ಒಂದೂವರೆ ಗಂಟೆಗೆ ಅಲಾರಂ ಇಟ್ಟುಕೊಳ್ಳಿ. ಅದು ಹೊಡೆದಾಗ ಇನ್ನೂ ಅನುಮಾನ ಇದ್ದರೆ ಗೇಮ್ ಮುಚ್ಚಿ. ಸ್ಟೀಮ್ ಸಪೋರ್ಟ್ ತೆರೆದು ‘ಪರ್ಚೇಸಸ್’ ಒತ್ತಿ, ಗೇಮ್ ಆರಿಸಿ, ರೀಫಂಡ್ ಬೇಕೆಂದು ಹೇಳಿ, ಕಾರಣದ ಜಾಗದಲ್ಲಿ ಗೇಮಿನೊಳಗಿನ ಅಂಗಡಿಯ ಬಗ್ಗೆ ಎರಡು ಸಾಲು ಬರೆಯಿರಿ. ಒಪ್ಪಿಗೆಯಾದ ಮೇಲೆ ಸಾಮಾನ್ಯವಾಗಿ ಒಂದು ವಾರದಲ್ಲಿ ದುಡ್ಡು ವಾಪಸ್. ಬಂದ ದಾರಿಯಲ್ಲೇ ಕಳಿಸಲು ಆಗದಿದ್ದರೆ ಸ್ಟೀಮ್ ವಾಲೆಟ್‌ಗೆ ಹಾಕುತ್ತಾರೆ. ಆದರೆ ಗೇಮಿನೊಳಗೆ ಕೊಂಡ ನಾಣ್ಯದ ಕಥೆ ಬೇರೆ. ಸ್ಟೀಮ್ ನಡೆಸುವ ವಾಲ್ವ್ ಕಂಪನಿಯ ಸ್ವಂತ ಗೇಮ್‌ಗಳಲ್ಲಿ, ಬಳಸದೆ ಇಟ್ಟ ವಸ್ತುವಿಗೆ 48 ಗಂಟೆಯೊಳಗೆ ರೀಫಂಡ್ ಇದೆ. ಬೇರೆ ಕಂಪನಿಗಳ ಗೇಮ್‌ಗಳಲ್ಲಿ ಅದು ಆ ಕಂಪನಿಯ ಇಷ್ಟ. ಗೇಮ್ ಇಟ್ಟುಕೊಳ್ಳುವುದೋ ಬಿಡುವುದೋ ನಿರ್ಧಾರವಾಗುವ ಮೊದಲು ಒಂದು ನಾಣ್ಯವನ್ನೂ ಕೊಳ್ಳಬೇಡಿ ಎಂದು ಹೇಳುವುದು ಇದಕ್ಕೇ.

ನಾಣ್ಯವನ್ನು ರೂಪಾಯಿಗೆ ತಿರುಗಿಸಿ

ಅಂಗಡಿಯ ದೊಡ್ಡ ಆಟ ನಡೆಯುವುದು ನಾಣ್ಯದಲ್ಲಿ. ಒಂದು ಲೆಕ್ಕ ಕಟ್ಟಿಕೊಳ್ಳೋಣ: ಒಂದು ಸ್ಕಿನ್‌ಗೆ, ಅಂದರೆ ಪಾತ್ರದ ಹೊಸ ವೇಷಕ್ಕೆ, 1,200 ನಾಣ್ಯ. ಮಾರುವ ಪ್ಯಾಕ್‌ಗಳು ಎರಡು, 500 ನಾಣ್ಯಕ್ಕೆ ₹399, 1,100 ನಾಣ್ಯಕ್ಕೆ ₹799. ದೊಡ್ಡ ಪ್ಯಾಕ್ ಕೊಂಡರೆ 100 ನಾಣ್ಯ ಕಡಿಮೆ ಬೀಳುತ್ತದೆ. ಎರಡೂ ಪ್ಯಾಕ್ ಕೊಳ್ಳಬೇಕು, ಒಟ್ಟು ₹1,198, ಕೈಗೆ 1,600 ನಾಣ್ಯ. ಸ್ಕಿನ್ ಕೊಂಡ ಮೇಲೆ 400 ನಾಣ್ಯ ಉಳಿಯುತ್ತದೆ. ನಾಣ್ಯಕ್ಕೆ ಸುಮಾರು 75 ಪೈಸೆಯಂತೆ ಸ್ಕಿನ್ನಿನ ಬೆಲೆ ₹900 ಎನ್ನಿಸಿದರೂ ನಿಮ್ಮ ಖಾತೆಯಿಂದ ಹೋದದ್ದು ₹1,198. ಉಳಿದ ₹300ರಷ್ಟು ನಾಣ್ಯ ಹಿಂತಿರುಗುವುದಿಲ್ಲ, ಯಾವುದಕ್ಕೂ ಸಾಲುವುದೂ ಇಲ್ಲ. ಮುಂದಿನ ಸಲ ‘ಇನ್ನು 800 ಹಾಕಿದರೆ ಸಾಕಲ್ಲ’ ಅನ್ನಿಸಲು ಅದು ಅಲ್ಲೇ ಬಿದ್ದಿರುತ್ತದೆ.

ಆದ್ದರಿಂದ ಬೆಲೆಯನ್ನು ಯಾವಾಗಲೂ ‘ಇದನ್ನು ಪಡೆಯಲು ಇವತ್ತು ಖಾತೆಯಿಂದ ಎಷ್ಟು ರೂಪಾಯಿ ಹೋಗಬೇಕು’ ಎಂದೇ ಕೇಳಿ, ಆ ಸಂಖ್ಯೆಯನ್ನು ಕಾಗದದ ಮೇಲೆ ಬರೆಯಿರಿ. ಪಕ್ಕದಲ್ಲಿ ಮೂಲ ಗೇಮಿಗೆ ಕೊಟ್ಟ ಬೆಲೆ ಬರೆಯಿರಿ. ನಾಲ್ಕು ಸ್ಕಿನ್‌ಗೆ ಇನ್ನೊಂದು ಪೂರ್ತಿ ಗೇಮಿನ ದುಡ್ಡು ಹೋಗುತ್ತಿದೆ ಎಂಬುದು ಪರದೆಯ ಮೇಲೆ ಕಾಣದು, ಕಾಗದದ ಮೇಲೆ ಕಾಣುತ್ತದೆ.

ವರ್ಷಕ್ಕೊಂದು ಹೊಸ ಆವೃತ್ತಿ ಬರುವ ಕ್ರೀಡಾ ಗೇಮ್‌ಗಳಲ್ಲಿ ಇನ್ನೊಂದು ನಷ್ಟವಿದೆ. ಕಾರ್ಡ್ ಕೂಡಿಸಿ ತಂಡ ಕಟ್ಟುವ ‘ಅಲ್ಟಿಮೇಟ್ ಟೀಮ್’ ವಿಭಾಗದಲ್ಲಿ ಪ್ಯಾಕ್ ತೆರೆದು ಕೂಡಿಸಿದ ಆಟಗಾರರು ಮುಂದಿನ ವರ್ಷದ ಗೇಮಿಗೆ ಬರುವುದಿಲ್ಲ. ಪ್ಯಾಕ್ ಒತ್ತುವ ಮೊದಲು ಅದರ ವಿವರದಲ್ಲಿ ಬರೆದ ಸಂಭವನೀಯತೆ ಓದಿ. ಒಳ್ಳೆಯ ಕಾರ್ಡಿಗೆ ಶೇ 1ಕ್ಕಿಂತ ಕಡಿಮೆ ಎಂದಿದ್ದರೆ, ನೂರು ಪ್ಯಾಕ್ ತೆರೆದರೂ ಸಿಗದೇ ಹೋಗಬಹುದು. ಸರಿಯಾಗಿ ಶೇ 1 ಇದ್ದಾಗಲೇ ನೂರು ಸಲದಲ್ಲಿ ಒಮ್ಮೆಯೂ ಸಿಗದ ಸಾಧ್ಯತೆ ಸುಮಾರು ಶೇ 37. ‘ಇಷ್ಟು ಹಾಕಿದ್ದೇನೆ, ಮುಂದಿನದರಲ್ಲಿ ಬಂದೇ ಬರುತ್ತದೆ’ ಎಂಬುದಕ್ಕೆ ಯಾವ ಆಧಾರವೂ ಇಲ್ಲ, ಪ್ರತಿ ಪ್ಯಾಕೂ ಹೊಸದಾಗಿ ಎಣಿಕೆ.

ಪಿಸಿಯಲ್ಲಿ ಸಿಂಗಲ್ ಪ್ಲೇಯರ್ ಆಟವಾದರೆ, ಮಾರುತ್ತಿರುವ ಸೌಕರ್ಯವೇ ಉಚಿತ ಮಾಡ್ (ಆಟಗಾರರೇ ಮಾಡಿದ ಮಾರ್ಪಾಡು) ಆಗಿ ಎಷ್ಟೋ ಸಲ ಸಿಗುತ್ತದೆ. ಆನ್‌ಲೈನ್ ಭಾಗವಿರುವ ಗೇಮಿಗೆ ಮಾತ್ರ ಮಾಡ್ ಹಾಕಬೇಡಿ, ಖಾತೆಯೇ ಬ್ಯಾನ್ ಆಗಬಹುದು.

ಪಾವತಿಯ ದಾರಿಗೆ ಬೀಗ

ಒಂದೇ ಒತ್ತಿಗೆ ದುಡ್ಡು ಹೋಗದಂತೆ ಮಾಡಿ, ಅರ್ಧ ಕೆಲಸ ಮುಗಿದಂತೆ. ಸ್ಟೀಮ್‌ನ ‘ಅಕೌಂಟ್ ಡೀಟೇಲ್ಸ್’ಗೆ ಹೋಗಿ ಉಳಿಸಿಟ್ಟ ಪಾವತಿ ಮಾಹಿತಿ ಅಳಿಸಿ. ಪ್ಲೇಸ್ಟೇಷನ್‌ನಲ್ಲಿ ಕಾರ್ಡ್ ತೆಗೆದುಹಾಕಿ, ಖರೀದಿಗೆ ಪ್ರತಿ ಸಲ ಪಾಸ್‌ವರ್ಡ್ ಕೇಳುವಂತೆ ಮಾಡಿ. ಇದಾದ ಮೇಲೆ ಬೇಕಾದಷ್ಟೇ ಮೊತ್ತದ ವಾಲೆಟ್ ಕೋಡ್ ಅಥವಾ ಗಿಫ್ಟ್ ಕಾರ್ಡ್ ಹಾಕಿ ಆಡಿ. ವಾಲೆಟ್ ಖಾಲಿಯಾದಾಗ ಮತ್ತೆ ತುಂಬಿಸಲು ಎದ್ದು ಐದು ನಿಮಿಷ ಓಡಾಡಬೇಕಾದರೆ ಆ ಆಸೆ ಅರ್ಧಕ್ಕರ್ಧ ಇಳಿದಿರುತ್ತದೆ.

ಪಿಜಿ ಬಾಡಿಗೆ, ಮೆಸ್ ಬಿಲ್ ಹೋಗುವ ಖಾತೆಯನ್ನು ಯಾವ ಗೇಮ್ ಸ್ಟೋರಿಗೂ ಜೋಡಿಸಬೇಡಿ. ಇನ್ನೊಂದು ಉಳಿತಾಯ ಖಾತೆ ತೆರೆದು, ತಿಂಗಳ ಒಂದನೇ ತಾರೀಖು ಆಟಕ್ಕೆಂದು ನಿಶ್ಚಯಿಸಿದಷ್ಟನ್ನು ಮಾತ್ರ ಅದಕ್ಕೆ ಹಾಕಿ. ಕಾರ್ಡ್ ಬಳಸುವವರು ಬ್ಯಾಂಕ್ ಆ್ಯಪ್‌ನಲ್ಲಿ ಆನ್‌ಲೈನ್ ಮತ್ತು ವಿದೇಶಿ ವ್ಯವಹಾರಕ್ಕೆ ಮಿತಿ ಹಾಕಬಹುದು, ಬೇಡವಾದಾಗ ಪೂರ್ತಿ ಆರಿಸಬಹುದು. 2020ರಿಂದ ಆರ್‌ಬಿಐ ಈ ಸೌಲಭ್ಯವನ್ನು ಕಡ್ಡಾಯ ಮಾಡಿದೆ. ಯುಪಿಐ ಆ್ಯಪ್‌ನಲ್ಲಿ ‘ಆಟೋಪೇ’ ವಿಭಾಗ ತೆರೆದು ನೋಡಿ, ಮರೆತುಹೋದ ಮಾಸಿಕ ಪಾಸ್ ಇದ್ದರೆ ಅಲ್ಲೇ ರದ್ದು ಮಾಡಿ. ದುಡ್ಡು ಕಡಿತವಾಗುವ 24 ಗಂಟೆ ಮುಂಚೆ ಸಂದೇಶ ಬರಬೇಕೆಂಬ ನಿಯಮವಿದೆ. ನೂರು ಎಸ್‌ಎಂಎಸ್ ನಡುವೆ ಅದು ಮುಳುಗಿಹೋಗುವುದೇ ಸಮಸ್ಯೆ.

ಇದುವರೆಗೆ ಎಷ್ಟು ಹೋಗಿದೆ ಎಂದು ತಿಳಿಯಬೇಕೆ? ಸ್ಟೀಮ್ ಸಪೋರ್ಟ್‌ನಲ್ಲಿ ನಿಮ್ಮ ಖಾತೆಯ ದತ್ತಾಂಶದ ವಿಭಾಗದೊಳಗೆ ‘ಎಕ್ಸ್‌ಟರ್ನಲ್ ಫಂಡ್ಸ್ ಯೂಸ್ಡ್’ ಎಂಬ ಪುಟವಿದೆ. ಹೊರಗಿನಿಂದ ಸ್ಟೀಮ್‌ಗೆ ಬಂದ ಒಟ್ಟು ಹಣ ಅಲ್ಲಿ ಡಾಲರ್‌ನಲ್ಲಿ ಸಿಗುತ್ತದೆ.

ಮನೆಯ ಫೋನು, ಮಕ್ಕಳ ಕೈ

ಇಲ್ಲಿ ತಪ್ಪುವುದು ಸಾಮಾನ್ಯವಾಗಿ ಒಂದೇ ಕಡೆ. ಅಪ್ಪನ ಫೋನ್ ಅನ್‌ಲಾಕ್ ಮಾಡಲು ಮಗನ ಬೆರಳಚ್ಚನ್ನೂ ಸೇರಿಸಿರುತ್ತಾರೆ, ಪ್ಲೇ ಸ್ಟೋರ್ ಖರೀದಿಗೂ ಬೆರಳಚ್ಚೇ ಸಾಕು ಎಂದಿರುತ್ತದೆ. ಅಲ್ಲಿಗೆ ಬೀಗದ ಕೈ ಮಗುವಿನ ಕೈಯಲ್ಲೇ ಇದ್ದಂತೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮಕ್ಕಳ ಬೆರಳಚ್ಚು ತೆಗೆಯಿರಿ. ಪ್ಲೇ ಸ್ಟೋರ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡಿ. ‘30 ನಿಮಿಷಕ್ಕೊಮ್ಮೆ’ ಎಂದು ಬಿಟ್ಟರೆ ಒಂದು ಸಲ ಪಾಸ್‌ವರ್ಡ್ ಕೊಟ್ಟ ಮೇಲಿನ ಅರ್ಧ ಗಂಟೆ ಬಾಗಿಲು ತೆರೆದೇ ಇರುತ್ತದೆ. ಅಲ್ಲೇ ಇರುವ ‘ಬಜೆಟ್’ ಸೌಲಭ್ಯ ಎಚ್ಚರಿಸುತ್ತದಷ್ಟೆ, ಖರೀದಿಯನ್ನು ತಡೆಯುವುದಿಲ್ಲ. ಮಗುವನ್ನು ಸಾಮಾನು ತರಲು ಅಂಗಡಿಗೆ ಕಳಿಸುವಾಗ ಯುಪಿಐ ಪಿನ್ ಹೇಳಿಕೊಟ್ಟಿದ್ದರೆ ಇವತ್ತೇ ಬದಲಿಸಿ.

ಪ್ಲೇಸ್ಟೇಷನ್‌ನಲ್ಲಿ ಮಗುವಿಗೆ ಬೇರೆ ಖಾತೆ ಮಾಡಿ ‘ಫ್ಯಾಮಿಲಿ ಮ್ಯಾನೇಜ್‌ಮೆಂಟ್’ನಲ್ಲಿ ಮಾಸಿಕ ಖರ್ಚಿನ ಮಿತಿ ಇಡಬಹುದು, ಸೊನ್ನೆಯೂ ಇಡಬಹುದು. ಸ್ಟೀಮ್ ಫ್ಯಾಮಿಲೀಸ್‌ನಲ್ಲಿ ಮಗು ಗೇಮ್ ಕೇಳಿದರೆ ಮನವಿ ದೊಡ್ಡವರ ಫೋನಿಗೆ ಬರುತ್ತದೆ, ನೀವು ಒಪ್ಪಿ ದುಡ್ಡು ಕಟ್ಟಿದರೆ ಮಾತ್ರ ಖರೀದಿ.

ದುಡ್ಡು ಹೋಗಿಬಿಟ್ಟಿದ್ದರೆ

ಮೊದಲು ಆ ನಾಣ್ಯವನ್ನು ಖರ್ಚು ಮಾಡುವುದನ್ನು ನಿಲ್ಲಿಸಿ, ಮಗುವಿಗೂ ಹೇಳಿ. ಬಳಸದ ನಾಣ್ಯಕ್ಕೆ ರೀಫಂಡ್ ಸಿಗುವ ಸಾಧ್ಯತೆ ಹೆಚ್ಚು. ಗೂಗಲ್ ಪ್ಲೇ ಆದರೆ 48 ಗಂಟೆಯೊಳಗೆ ಗೂಗಲ್‌ಗೇ ಮನವಿ ಹಾಕಿ, ತಡವಾದರೆ ಗೇಮ್ ಕಂಪನಿಗೆ ಬರೆಯಬೇಕು. ಕೊಂಡದ್ದು ಹದಿನೆಂಟು ತುಂಬದ ಮಗು ಆಗಿದ್ದರೆ ವಯಸ್ಸು ಬರೆದು, 1872ರ ಭಾರತೀಯ ಒಪ್ಪಂದ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪ್ರಾಪ್ತರು ಒಪ್ಪಂದಕ್ಕೆ ಅರ್ಹರಲ್ಲ ಎಂಬುದನ್ನು ನಮೂದಿಸಿ. ಹಣ ಬಂದೇ ಬರುತ್ತದೆ ಎಂಬ ಖಾತರಿ ಇಲ್ಲ, ಆದರೆ ಪತ್ರಕ್ಕೆ ತೂಕ ಬರುತ್ತದೆ.

ಬ್ಯಾಂಕಿಗೆ ಹೋಗಿ ‘ಈ ವ್ಯವಹಾರ ನಾನು ಮಾಡಿಲ್ಲ’ ಎಂದು ಬರೆದುಕೊಡುವ ಅವಸರ ಬೇಡ. ಬ್ಯಾಂಕ್ ಹಣ ಹಿಂದಕ್ಕೆಳೆದರೆ ಸ್ಟೀಮ್, ಪ್ಲೇಸ್ಟೇಷನ್ ಎರಡೂ ಖಾತೆಗೆ ನಿರ್ಬಂಧ ಹಾಕುತ್ತವೆ, ವರ್ಷಗಟ್ಟಲೆ ಕೊಂಡ ಗೇಮ್‌ಗಳು ಸಿಕ್ಕಿಬೀಳುತ್ತವೆ. ನಿಜವಾಗಿ ಯಾರೋ ಕದ್ದಿದ್ದರೆ ಮಾತ್ರ ಬ್ಯಾಂಕ್, ಮತ್ತು ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ. ಅರ್ಧ ಬೆಲೆಗೆ ನಾಣ್ಯ ಹಾಕಿಕೊಡುತ್ತೇವೆ ಎನ್ನುವ ಟೆಲಿಗ್ರಾಂ ಗುಂಪುಗಳಿಂದಲೂ ಹೀಗೇ ಅಪಾಯ. ಕದ್ದ ಕಾರ್ಡಿನಲ್ಲಿ ಕೊಂಡ ನಾಣ್ಯವಾದರೆ ಅದು ವಾಪಸ್ ಹೋಗುತ್ತದೆ, ಬ್ಯಾನ್ ನಿಮ್ಮ ಖಾತೆಗೆ ಬೀಳುತ್ತದೆ.

ಕಂಪನಿ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ದೂರಿನಲ್ಲಿ ಬರೀ ‘ಮೋಸ’ ಎಂದರೆ ಸಾಲದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ ತಡೆಯಲು ಮಾರ್ಗಸೂಚಿ ಹೊರಡಿಸಿ 13 ಬಗೆಗಳನ್ನು ಹೆಸರಿಸಿದೆ. ಮುಗಿಯದ ಟೈಮರ್ ಇಟ್ಟು ಅವಸರ ಹುಟ್ಟಿಸುವುದು, ಬೇಡ ಎಂದರೂ ಮತ್ತೆ ಮತ್ತೆ ಕೇಳಿ ಕಾಡುವುದು, ಪೂರ್ತಿ ಬೆಲೆಯನ್ನು ಕೊನೆಯವರೆಗೂ ಮುಚ್ಚಿಡುವುದು, ಚಂದಾದಾರಿಕೆ ರದ್ದು ಮಾಡಲು ದಾರಿ ಕಾಣದಂತೆ ಮಾಡುವುದು ಅದರಲ್ಲಿವೆ. ನಿಮ್ಮದು ಯಾವುದೆಂದು ಹೆಸರಿಸಿ, ಸ್ಕ್ರೀನ್‌ಶಾಟ್, ಆರ್ಡರ್ ನಂಬರ್, ಕಂಪನಿ ಕೊಟ್ಟ ಉತ್ತರ ಲಗತ್ತಿಸಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ಹಾಸನ ಅಥವಾ ಚಿಕ್ಕಮಗಳೂರಿನಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಮೊತ್ತ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ.